ಇಪ್ಪತ್ತು ಸಾವಿರದ ಗಿಟಾರಾ, ಎರಡು ಲಕ್ಷದ್ದಾ?

"ಮಾಮ, ಎರಡು ಲಕ್ಷದ ಗಿಟಾರ್ ಇಪ್ಪತ್ತು ಸಾವಿರದ್ದಕ್ಕಿಂತ ಹತ್ತು ಪಟ್ಟು ಚೆನ್ನಾಗಿ ಕೇಳುತ್ತಾ?"

ಅಕ್ಕನ ಮಗ ಹೀಗೆ ಕೇಳಿದಾಗ ನಾನು ತಕ್ಷಣ ಉತ್ತರ ಹೇಳಲಿಲ್ಲ. ಅವನಿಗೆ ಆಗತಾನೆ ಕೆಲಸ ಸಿಕ್ಕಿತ್ತು. ಮೊದಲ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವ ಹುಮ್ಮಸ್ಸಿತ್ತು, ಜೇಬಿನಲ್ಲಿ ಹೊಸ ಕ್ರೆಡಿಟ್ ಕಾರ್ಡ್ ಇತ್ತು. ಇಎಂಐ ಲೆಕ್ಕದಲ್ಲಿ ನೋಡಿದರೆ ನಾವೆಲ್ಲ ಶ್ರೀಮಂತರೇ ಅಲ್ವಾ? ಭಾನುವಾರ ನಾವು ಅಭ್ಯಾಸ ಮಾಡುವ ರೂಮಿಗೆ ಬಾರೋ, ಅಲ್ಲೇ ನೋಡೋಣ ಎಂದೆ.

ಅಲ್ಲಿ ಎರಡು ಗಿಟಾರ್ ಇದ್ದವು. ಒಂದು ನನ್ನದು, ಇಂಡೊನೇಷ್ಯಾದಲ್ಲಿ ಮಾಡಿದ ಸ್ಕ್ವೈಯರ್. ಇನ್ನೊಂದು ಗೆಳೆಯನದು, ಅಮೆರಿಕದಲ್ಲಿ ಮಾಡಿದ ಫೆಂಡರ್. ಎರಡೂ ಸ್ಟ್ರಾಟೊಕ್ಯಾಸ್ಟರ್, ಆಕಾರ ಒಂದೇ. ಎರಡಕ್ಕೂ ಒಂದೇ ದಪ್ಪದ ಹೊಸ ತಂತಿ ಹಾಕಿದೆವು. ಕೇಬಲ್ ಒಂದೇ, ದನಿ ದೊಡ್ಡದು ಮಾಡುವ ಆಂಪ್ ಒಂದೇ, ಆಂಪಿನ ಗುಂಡಿ ಯಾವುದನ್ನೂ ಮುಟ್ಟಲಿಲ್ಲ. ಹುಡುಗನನ್ನೂ ನಮ್ಮ ಡ್ರಮ್ಮರ್‌ನನ್ನೂ ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ಒಂದೇ ತುಣುಕನ್ನು ಹತ್ತು ಸಲ ನುಡಿಸಿದೆ. ಯಾವ ಸಲ ಯಾವ ಗಿಟಾರ್ ಎಂದು ಅವರು ಬರೆದುಕೊಳ್ಳಬೇಕು. ಹುಡುಗನದು ಹತ್ತರಲ್ಲಿ ಐದು ಸರಿ, ಡ್ರಮ್ಮರ್‌ದು ಆರು. ನಾಣ್ಯ ಚಿಮ್ಮಿ ಹೇಳಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು.

ಆಮೇಲೆ ಹುಡುಗನಿಗೆ ಕಣ್ಣು ಮುಚ್ಚಿಸಿ ಗಿಟಾರ್‌ಗಳನ್ನು ಒಂದಾದ ಮೇಲೊಂದು ಕೈಗೆ ಕೊಟ್ಟೆ. ಅರ್ಧ ನಿಮಿಷವೂ ಬೇಕಾಗಲಿಲ್ಲ. "ಇದೇ ದುಬಾರಿಯದು" ಎಂದ. ಹೇಗೆ ಗೊತ್ತಾಯ್ತು ಎಂದರೆ, "ಕೈ ಎಲ್ಲೂ ತಡೆಯಲಿಲ್ಲ" ಎಂದ.

ಜಾಸ್ತಿ ಕೊಟ್ಟ ದುಡ್ಡು ಕಿವಿಗೆ ಸೇರುವುದು ಕಡಿಮೆ, ಎಡಗೈಗೆ ಸೇರುವುದು ಜಾಸ್ತಿ. ನಿಮ್ಮ ಎಡಗೈಗೆ ಆ ವ್ಯತ್ಯಾಸ ಈಗಲೇ ಬೇಕಾ, ಎರಡು ವರ್ಷ ಬಿಟ್ಟು ಬೇಕಾ, ಬೇಡವೇ ಬೇಡವಾ ಎಂಬುದನ್ನು ನೋಡಿಕೊಂಡು ಕೊಳ್ಳಬೇಕು.

ಒಂದೇ ಮನೆಯ ಅಣ್ಣತಮ್ಮಂದಿರು

ದೊಡ್ಡ ಕಂಪನಿಗಳೇ ಅಗ್ಗದ ಗಿಟಾರನ್ನೂ ಮಾಡುತ್ತವೆ, ಬೇರೆ ಹೆಸರಿನಲ್ಲಿ. ಫೆಂಡರ್‌ಗೆ ಸ್ಕ್ವೈಯರ್ ಇದೆ. ಗಿಬ್ಸನ್‌ಗೆ ಎಪಿಫೋನ್ ಇದೆ. ಎಪಿಫೋನ್ ಒಂದು ಕಾಲದಲ್ಲಿ ಗಿಬ್ಸನ್‌ನ ಎದುರಾಳಿಯೇ ಆಗಿತ್ತು, 1957ರಲ್ಲಿ ಅದನ್ನು ಕೊಂಡು ಮನೆಗೆ ಸೇರಿಸಿಕೊಂಡರು. ಪಿಆರ್‌ಎಸ್‌ಗೆ ಎಸ್‌ಇ ಸಾಲು ಇದೆ. ಅಮೆರಿಕದ ಪಿಆರ್‌ಎಸ್ ಮೇರಿಲ್ಯಾಂಡ್‌ನಲ್ಲಿ ತಯಾರಾದರೆ ಎಸ್‌ಇ ಹೆಚ್ಚಾಗಿ ಇಂಡೊನೇಷ್ಯಾದಲ್ಲಿ ತಯಾರಾಗುತ್ತದೆ.

ಫೆಂಡರ್ ಕುಟುಂಬವನ್ನೇ ನೋಡಿ. ಬೆಲೆ ಅಂದಾಜಿನದು, ಡಾಲರ್ ದರ ಮತ್ತು ಹಬ್ಬದ ರಿಯಾಯಿತಿಯ ಜೊತೆ ಏರಿಳಿಯುತ್ತದೆ. ಕೆಳಗಿನ ಮೆಟ್ಟಿಲಲ್ಲಿ ಸ್ಕ್ವೈಯರ್ ಸೋನಿಕ್, ಅದರ ಮೇಲೆ ಅಫಿನಿಟಿ: 20 ಸಾವಿರದ ಆಚೀಚೆ. ಅದರ ಮೇಲೆ ಕ್ಲಾಸಿಕ್ ವೈಬ್, 50 ಸಾವಿರದ ಹತ್ತಿರ. ಆಮೇಲೆ ಮೆಕ್ಸಿಕೊದ ಎನ್ಸೆನಾಡಾದಲ್ಲಿ ಮಾಡುವ ಪ್ಲೇಯರ್ ಸಾಲು, ಲಕ್ಷದ ಆಸುಪಾಸು. ಮೇಲ್ಗಡೆ ಕ್ಯಾಲಿಫೋರ್ನಿಯಾದ ಕೊರೊನಾದಲ್ಲಿ ಮಾಡುವ ಅಮೆರಿಕನ್ ಸಾಲುಗಳು, ಎರಡು ಲಕ್ಷ ಮತ್ತು ಅದಕ್ಕೂ ಮೇಲೆ. ಕೊರೊನಾದಿಂದ ಎನ್ಸೆನಾಡಾಕ್ಕೆ ಕಾರಿನಲ್ಲಿ ಅರ್ಧ ದಿನವೂ ಹಿಡಿಯುವುದಿಲ್ಲ. ನಡುವೆ ಒಂದು ಗಡಿ ಇದೆ. ಆ ಗಡಿಯ ಆಚೆ ಕೂಲಿ ಕಡಿಮೆ. ಬೆಲೆಯ ಅರ್ಧ ಕಥೆ ಅಲ್ಲೇ ಇದೆ.

ಇನ್ನು, "ಕೈಯಲ್ಲೇ ಮಾಡಿದ್ದು" ಎಂಬ ಮಾತಿಗೆ ಪೂರ್ತಿ ಮರುಳಾಗಬೇಡಿ. ಬಾಡಿಯನ್ನೂ ನೆಕ್ಕನ್ನೂ (ಎಡಗೈ ಓಡಾಡುವ ಉದ್ದನೆಯ ಕತ್ತು) ಕತ್ತರಿಸುವುದು ಹೆಚ್ಚುಕಡಿಮೆ ಎಲ್ಲ ದೊಡ್ಡ ಕಾರ್ಖಾನೆಗಳಲ್ಲೂ ಕಂಪ್ಯೂಟರ್ ನಡೆಸುವ ಯಂತ್ರವೇ. ಅದು ಅಗ್ಗದ ಮರವನ್ನೂ ದುಬಾರಿ ಮರವನ್ನೂ ಒಂದೇ ಅಳತೆಗೆ ಕೊರೆಯುತ್ತದೆ. ಮೂವತ್ತು ವರ್ಷದ ಹಿಂದಿನ ಅಗ್ಗದ ಗಿಟಾರ್‌ಗಳ ನೆಕ್ ಸೊಟ್ಟ, ಬಾಡಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಇವತ್ತಿನವುಗಳಲ್ಲಿ ಆ ಗೋಳು ಅಪರೂಪ. ಯಂತ್ರ ಕೆಲಸ ಮುಗಿಸಿದ ಮೇಲೆ ಮನುಷ್ಯ ಎಷ್ಟು ಹೊತ್ತು ಉಜ್ಜಿದ ಎಂಬಲ್ಲಿ ದಾರಿ ಕವಲೊಡೆಯುತ್ತದೆ.

ಹಾಗೆ ನೋಡಿದರೆ ಸ್ಟ್ರಾಟೊಕ್ಯಾಸ್ಟರ್ ಹುಟ್ಟಿದ್ದೇ ಕಾರ್ಖಾನೆಯ ಮಾಲಾಗಿ. ಲಿಯೋ ಫೆಂಡರ್ ರೇಡಿಯೋ ರಿಪೇರಿ ಮಾಡುತ್ತಿದ್ದವರು, ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ನೆಕ್ಕನ್ನು ಅಂಟು ಹಾಕಿ ಕೂರಿಸುವ ಬದಲು ನಾಲ್ಕು ಸ್ಕ್ರೂ ಹಾಕಿ ಬಿಗಿದರು. ಬೇಗ ಮಾಡಬಹುದು, ಕೆಟ್ಟರೆ ಬಿಚ್ಚಿ ಬದಲಿಸಬಹುದು. 1954ರಲ್ಲಿ ಅದರ ಬೆಲೆ 249.50 ಡಾಲರ್. ಇವತ್ತು ಆ ವರ್ಷದ ಗಿಟಾರನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡುತ್ತಾರೆ.

ಕರಿಮತ್ತಿ ಮತ್ತು ಬೀಟೆ

ಗಿಟಾರ್ ಪ್ರಿಯರು ಜಗಳ ಆಡುವುದು ಮರದ ವಿಷಯಕ್ಕೆ. ದುಬಾರಿಯದರಲ್ಲಿ ಆಲ್ಡರ್, ಆ್ಯಶ್, ಮಹಾಗನಿ. ಅಗ್ಗದ್ದರಲ್ಲಿ ಪಾಪ್ಲರ್, ಬಾಸ್‌ವುಡ್, ಅಗಾತಿಸ್. ಅಕೌಸ್ಟಿಕ್ ಗಿಟಾರ್‌ನಲ್ಲಿ ಮರ ತುಂಬ ಮುಖ್ಯ, ಏಕೆಂದರೆ ಅಲ್ಲಿ ದನಿ ಹೊರಡಿಸುವುದೇ ಮರದ ಹಲಗೆ. ಎಲೆಕ್ಟ್ರಿಕ್‌ನಲ್ಲಿ ಹಾಗಲ್ಲ. ತಂತಿಗಳ ಕೆಳಗಿರುವ ಪಿಕಪ್ ಎಂಬ ಆಯಸ್ಕಾಂತದ ಸುರುಳಿ ಗಮನಿಸುವುದು ಲೋಹದ ತಂತಿಯ ಅಲುಗಾಟವನ್ನು. ನ್ಯಾಶ್‌ವಿಲ್‌ನ ಗಿಟಾರ್ ವಾದಕರೊಬ್ಬರು ಒಂದು ಪ್ರಯೋಗ ಮಾಡಿ ತೋರಿಸಿದ್ದಾರೆ. ಎರಡು ಕಡೆ ಆಧಾರ ಕೊಟ್ಟು ತಂತಿ ಬಿಗಿದು, ಕೆಳಗೆ ಪಿಕಪ್ ಇಟ್ಟು ನುಡಿಸಿದರು. ಬಾಡಿಯೂ ಇಲ್ಲ, ನೆಕ್ಕೂ ಇಲ್ಲ. ಆದರೂ ಫೆಂಡರ್‌ನದೇ ಇನ್ನೊಂದು ಮಾದರಿಯಾದ ಒಳ್ಳೆಯ ಟೆಲಿಕ್ಯಾಸ್ಟರ್‌ನಂತೆಯೇ ಕೇಳಿತು. ಮರ ಏನೂ ಮಾಡುವುದಿಲ್ಲ ಎಂದು ನಾನು ಹೇಳುವುದಿಲ್ಲ. ತೂಕ, ತೊಡೆಯ ಮೇಲೆ ಕೂರುವ ರೀತಿ, ಎದೆಗೆ ತಾಕುವ ಕಂಪನ, ಎಲ್ಲ ಮರದ್ದೇ. ಆದರೆ ಬರೀ ಮರದ ಹೆಸರಿಗಾಗಿ ಲಕ್ಷ ರೂಪಾಯಿ ಜಾಸ್ತಿ ಕೊಡುವುದು ನನ್ನ ಲೆಕ್ಕದಲ್ಲಿ ದಂಡ.

ಬೆರಳು ಮುಟ್ಟುವ ಮರ ಮಾತ್ರ ನಮಗೆ ಹತ್ತಿರದ್ದು. ದುಬಾರಿ ಗಿಟಾರ್‌ಗಳ ಫ್ರೆಟ್‌ಬೋರ್ಡಿಗೆ, ಅಂದರೆ ನೆಕ್ಕಿನ ಮೇಲೆ ಬೆರಳೊತ್ತುವ ಪಟ್ಟಿಗೆ, ಬಳಸುವ ಇಂಡಿಯನ್ ರೋಸ್‌ವುಡ್ ಅಂದರೆ ನಮ್ಮ ಬೀಟೆ. ಈಗ ಬಹಳಷ್ಟು ಸ್ಕ್ವೈಯರ್, ಎಪಿಫೋನ್‌ಗಳ ಮೇಲೆ "ಇಂಡಿಯನ್ ಲಾರೆಲ್" ಎಂದು ಬರೆದಿರುತ್ತದೆ. ಏನಪ್ಪಾ ಇದು ಎಂದು ಹುಡುಕಿದರೆ, ಕರಿಮತ್ತಿ! ಮೊಸಳೆಯ ಚರ್ಮದಂಥ ತೊಗಟೆಯ, ಮಲೆನಾಡಿನ ದಾರಿಯುದ್ದಕ್ಕೂ ಕಾಣುವ ಅದೇ ಮರ. 2017ರಲ್ಲಿ ಬೀಟೆಯ ಜಾತಿಯ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಗೆ ಸೇರಿದವು. ಮಾರಾಟಕ್ಕೆಂದು ಗಡಿ ದಾಟುವ ಬೀಟೆ ಹಾಕಿದ ಗಿಟಾರ್‌ಗಳಿಗೆ ಕಾಗದಪತ್ರ ಬೇಕಾಯಿತು. 20 ಸಾವಿರದ ಗಿಟಾರ್‌ಗೆ ಆ ತಾಪತ್ರಯ ಯಾರು ಹೊರುತ್ತಾರೆ? ಕಂಪನಿಗಳು ಬೇರೆ ಮರ ಹುಡುಕಿದವು. ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು, ಆದರೆ ಕರಿಮತ್ತಿ ಅಗ್ಗದ ಸಾಲಿನಲ್ಲಿ ನಿಂತೇಬಿಟ್ಟಿತು. ನುಡಿಸುವಾಗ ಬೀಟೆ ಸ್ವಲ್ಪ ನುಣುಪು, ಕರಿಮತ್ತಿ ಸ್ವಲ್ಪ ಒಣಕಲು. ಫ್ರೆಟ್‌ಬೋರ್ಡಿಗೆಂದೇ ಮಾರುವ ಎಣ್ಣೆಯನ್ನು ವರ್ಷಕ್ಕೆರಡು ಸಲ ಒರೆಸಿದರೆ ಆ ವ್ಯತ್ಯಾಸವೂ ಬಹುಪಾಲು ಹೋಗುತ್ತದೆ.

22 ಫ್ರೆಟ್, 44 ತುದಿ

ದುಡ್ಡು ನಿಜವಾಗಿ ಖರ್ಚಾಗುವುದು ಫ್ರೆಟ್‌ನಲ್ಲಿ, ಅಂದರೆ ನೆಕ್ಕಿನ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಗೆರೆಗಳಲ್ಲಿ. ನಿಕಲ್ ಸಿಲ್ವರ್ ಫ್ರೆಟ್ ಎನ್ನುತ್ತಾರೆ, ಅದರಲ್ಲಿ ಬೆಳ್ಳಿ ಒಂದು ಗುಂಜಿಯೂ ಇಲ್ಲ. ತಾಮ್ರ, ನಿಕಲ್, ಸತು ಅಷ್ಟೇ. ಅಗ್ಗದ್ದರಲ್ಲೂ ದುಬಾರಿಯದರಲ್ಲೂ ಸಾಮಾನ್ಯವಾಗಿ ಅದೇ ಲೋಹ. ಆದರೆ 22 ಫ್ರೆಟ್ ಇದ್ದರೆ 44 ತುದಿ ಇರುತ್ತವೆ. ಒಂದೊಂದನ್ನೂ ಅರ ಹಿಡಿದು ಉಜ್ಜಿ ದುಂಡಗೆ ಮಾಡಬೇಕು. ಎಲ್ಲ ಫ್ರೆಟ್‌ಗಳ ತಲೆ ಒಂದೇ ಮಟ್ಟಕ್ಕೆ ಬರಬೇಕು. ಒಂದು ಕೂದಲೆಳೆ ಮೇಲಿದ್ದರೂ ಅದರ ಹಿಂದಿನ ಸ್ವರ ಜಿರ್ರ್ ಎನ್ನುತ್ತದೆ. ಈ ಕೆಲಸ ಗಂಟೆಗಟ್ಟಲೆ ಹಿಡಿಯುತ್ತದೆ. 20 ಸಾವಿರದ ಗಿಟಾರ್‌ಗೆ ಅಷ್ಟು ಗಂಟೆ ಕೊಡಲು ಯಾರಿಗೂ ಕಟ್ಟುವುದಿಲ್ಲ.

ನನ್ನ ಮೊಟ್ಟಮೊದಲ ಗಿಟಾರ್ ಒಂದು ಅಗ್ಗದ ಮಾಲು, ಹೆಸರು ಬೇಡ. ಜುಲೈ ಮಳೆಯಲ್ಲಿ ತಂದೆ. ಆಗ ಚೆನ್ನಾಗಿಯೇ ಇತ್ತು. ಶಿವರಾತ್ರಿ ಹೊತ್ತಿಗೆ ಬೆಂಗಳೂರಿನ ಒಣ ಹವೆಗೆ ನೆಕ್ಕಿನ ಮರ ಕುಗ್ಗಿತು. ಲೋಹ ಕುಗ್ಗುತ್ತದಾ? ಇಲ್ಲ. 44 ತುದಿಗಳೂ ಅಂಚಿನಿಂದ ಹೊರಗೆ ಇಣುಕಿದವು. ಎಡಗೈ ಮೇಲೆ ಕೆಳಗೆ ಓಡಾಡಿದರೆ ಬೆಕ್ಕು ಪರಚಿದ ಹಾಗೆ ಗೀರು. ರಿಪೇರಿಯವರು ಅಂಚಿನ ಉದ್ದಕ್ಕೂ ಅರ ಆಡಿಸಿ, ಒಂದೊಂದೇ ತುದಿಯನ್ನು ತಿದ್ದಿ, ಪೂರ್ತಿ ಸೆಟಪ್ ಮಾಡಿ 1,800 ರೂಪಾಯಿ ತೆಗೆದುಕೊಂಡರು. ಮನೆಗೆ ತಂದು ನುಡಿಸಿದರೆ ಬೇರೆಯೇ ಗಿಟಾರ್! ಅಲ್ಲಿಯವರೆಗೆ ನನ್ನ ಕೈಯೇ ಸರಿ ಇಲ್ಲ ಅಂದುಕೊಂಡಿದ್ದೆ.

ಆದ್ದರಿಂದ ಅಗ್ಗದ ಗಿಟಾರ್‌ನ ಬೆಲೆಗೆ ಸೆಟಪ್ ಖರ್ಚನ್ನು ಸೇರಿಸಿಯೇ ಲೆಕ್ಕ ಹಾಕಿ. ಸೆಟಪ್ ಅಂದರೆ ನೆಕ್ಕಿನೊಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳನ್ನು ತಿರುಗಿಸಿ ನೆಕ್ಕಿನ ಬಾಗು ಸರಿಮಾಡುವುದು, ತಂತಿಯ ಎತ್ತರ ಇಳಿಸುವುದು, ಬಾಡಿಯ ಮೇಲೆ ತಂತಿ ಕೂರುವ ಬ್ರಿಡ್ಜ್‌ನ ಕುದುರೆಗಳನ್ನು ಹಿಂದೆ ಮುಂದೆ ಸರಿಸಿ ಪ್ರತಿ ಫ್ರೆಟ್‌ನಲ್ಲೂ ಸ್ವರ ಸರಿ ಬರುವಂತೆ ಮಾಡುವುದು. ಸ್ಟ್ರಾಟೊಕ್ಯಾಸ್ಟರ್‌ನಲ್ಲಿ (ಸ್ಟ್ರಾಟ್) 17ನೇ ಫ್ರೆಟ್ ಮೇಲೆ ದಪ್ಪ ತಂತಿ ಸುಮಾರು 1.6 ಮಿ.ಮೀ. ಎತ್ತರದಲ್ಲಿದ್ದರೆ ಹಿತ. ಡಬ್ಬದಿಂದ ತೆಗೆದ ಅಗ್ಗದ ಗಿಟಾರ್‌ನಲ್ಲಿ ಅದು ಇನ್ನೂ ಎತ್ತರಕ್ಕೆ ಇರುವುದೇ ಜಾಸ್ತಿ. ಹೊಸಬರು ಬೆರಳು ನೋವೆಂದು ಬಿಟ್ಟುಬಿಡುವುದು ಎಷ್ಟೋ ಸಲ ಈ ಒಂದು ಮಿಲಿಮೀಟರ್‌ಗೆ.

ತಾಮ್ರ, ಆಯಸ್ಕಾಂತ, ಮತ್ತೆ ಒಂದು ಪೆನ್ಸಿಲ್

ಪಿಕಪ್ ಅಂದರೆ ಆಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸುರುಳಿ. ಸ್ಟ್ರಾಟ್ ಪಿಕಪ್‌ನಲ್ಲಿ ಹೆಚ್ಚುಕಡಿಮೆ 8,000 ಸುತ್ತು. ಅಗ್ಗದ್ದರಲ್ಲಿ ಸೆರಾಮಿಕ್ ಆಯಸ್ಕಾಂತ, ದುಬಾರಿಯದರಲ್ಲಿ ಅಲ್ನಿಕೊ ಎಂಬ ಮಿಶ್ರಲೋಹದ್ದು. ಸೆರಾಮಿಕ್‌ನ ದನಿ ಸ್ವಲ್ಪ ಮೊನಚು, ಅಲ್ನಿಕೊದ್ದು ಸ್ವಲ್ಪ ದುಂಡು. ಈ ವ್ಯತ್ಯಾಸ ಕಿವಿಗೆ ಕೇಳುತ್ತದೆ, ಸುಳ್ಳಲ್ಲ. ಆದರೆ ಅಲ್ನಿಕೊಗಾಗಿ ಎರಡು ಲಕ್ಷ ಕೊಡಬೇಕಾಗಿಲ್ಲ. ಕ್ಲಾಸಿಕ್ ವೈಬ್‌ನಲ್ಲೂ ಇದೆ, ಯಮಹಾ ಪೆಸಿಫಿಕಾ 112ವಿಯಲ್ಲೂ ಇದೆ. ನನ್ನ ಸ್ಕ್ವೈಯರ್ ಕೂಡ ಅಲ್ನಿಕೊದ್ದೇ, ಅದಕ್ಕೇ ಭಾನುವಾರದ ಪರೀಕ್ಷೆ ಅಷ್ಟು ಕಷ್ಟವಾಗಿದ್ದು. ಪಿಕಪ್ ಎಂಥದ್ದೇ ಇರಲಿ, ಬದಲಿಸುವ ಮೊದಲು ಸ್ಕ್ರೂಡ್ರೈವರ್ ತಗೊಂಡು ಅದರ ಎತ್ತರವನ್ನು ಒಂದೆರಡು ಸುತ್ತು ಏರಿಳಿಸಿ ನೋಡಿ. ದನಿ ಅಷ್ಟಕ್ಕೇ ಬದಲಾಗುತ್ತದೆ, ಖರ್ಚಿಲ್ಲ.

ಶ್ರುತಿ ನಿಲ್ಲುವುದಿಲ್ಲ ಎಂಬುದು ಅಗ್ಗದ ಗಿಟಾರ್‌ಗಳ ಮೇಲಿನ ಹಳೆಯ ದೂರು. ಎಲ್ಲರೂ ಬಿರಡೆಯನ್ನೇ ಬೈಯುತ್ತಾರೆ. ಬಹಳ ಸಲ ತಪ್ಪು ಬಿರಡೆಯದಲ್ಲ, ನಟ್‌ನದು. ನೆಕ್ಕಿನ ತುದಿಯಲ್ಲಿ ತಂತಿ ಹಾದುಹೋಗುವ ಆರು ಗೀರುಗಳ ಆ ಸಣ್ಣ ಪಟ್ಟಿ ಇದೆಯಲ್ಲ, ಅದು. ಅಗ್ಗದ್ದರಲ್ಲಿ ಸಾಮಾನ್ಯವಾಗಿ ಪ್ಲಾಸ್ಟಿಕ್, ದುಬಾರಿಯದರಲ್ಲಿ ಹಲವು ಸಲ ಮೂಳೆ. ಗೀರು ಒರಟಾಗಿದ್ದರೆ ತಂತಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಶ್ರುತಿ ಮಾಡುವಾಗ "ಟಿಂಗ್" ಎಂಬ ಸದ್ದು ಬಂತೋ, ಇದೇ ಕಾಯಿಲೆ. ತಂತಿಯನ್ನು ಪಕ್ಕಕ್ಕೆ ಎತ್ತಿ, ಗೀರಿನೊಳಗೆ ಪೆನ್ಸಿಲ್ ಮೊನೆಯನ್ನು ನಾಲ್ಕು ಸಲ ಉಜ್ಜಿ. ಗ್ರಾಫೈಟ್ ಪುಡಿಗೆ ತಂತಿ ಜಾರುತ್ತದೆ. ಐದು ರೂಪಾಯಿಯ ಪೆನ್ಸಿಲ್‌ನಿಂದ ಸರಿಯಾಗದಿದ್ದರೆ ಹೊಸ ನಟ್ ಹಾಕಿಸಿ. ಬಿರಡೆ ಬದಲಿಸುವ ಮಾತು ಅದಾದ ಮೇಲೆ.

ಇದು ಗಮಕ ನುಡಿಸುವವರಿಗೆ ಇನ್ನೂ ಮುಖ್ಯ. ಎಲೆಕ್ಟ್ರಿಕ್‌ನಲ್ಲಿ ಕರ್ನಾಟಕ ಸಂಗೀತ ನುಡಿಸಲು ತಂತಿಯನ್ನು ಅಡ್ಡಡ್ಡ ಎಳೆದು, ಬಿಟ್ಟು, ಮತ್ತೆ ಎಳೆಯಬೇಕು. ಪ್ರತಿ ಸಲ ಬಿಟ್ಟಾಗಲೂ ಸ್ವರ ಮನೆಗೆ ವಾಪಸ್ ಬರಬೇಕು. ರಾಕ್ ಹಾಡಿನ ಗದ್ದಲದಲ್ಲಿ ಮುಚ್ಚಿಹೋಗುವ ಅಪಶ್ರುತಿ ಇಲ್ಲಿ ತಂಬೂರಿಯ ಎದುರು ಬೆತ್ತಲಾಗಿ ನಿಲ್ಲುತ್ತದೆ. ಇಂಥವರು ಪಿಕಪ್‌ಗಿಂತ ಮೊದಲು ನಟ್, ಬಿರಡೆ, ಎತ್ತರದ ಫ್ರೆಟ್ ನೋಡಿ ಗಿಟಾರ್ ಆರಿಸಬೇಕು.

ಅಗ್ಗದ್ದೇ ಗೆಲ್ಲುವ ಜಾಗ

ಮಂಗಳೂರು, ಕಾರವಾರದ ಕಡೆಯವರು ಇದನ್ನು ಗಮನಿಸಿ. ಗಿಬ್ಸನ್‌ನಂಥ ದುಬಾರಿ ಗಿಟಾರ್‌ಗಳಿಗೆ ಹಳೆಯ ಪದ್ಧತಿಯ ತೆಳ್ಳನೆಯ ನೈಟ್ರೊಸೆಲ್ಯುಲೋಸ್ ಬಣ್ಣ ಬಳಿಯುತ್ತಾರೆ. ನೋಡಲು ಚೆಂದ, ಆದರೆ ಸೆಕೆಗೂ ಬೆವರಿಗೂ ಅಂಟಂಟಾಗುತ್ತದೆ. ಸ್ಟ್ಯಾಂಡಿನ ರಬ್ಬರ್ ತಾಗಿದರೆ ಕಲೆಯೂ ಬೀಳುತ್ತದೆ. ಅಗ್ಗದ ಗಿಟಾರ್‌ನ ದಪ್ಪ ಪಾಲಿಯೆಸ್ಟರ್ ಬಣ್ಣಕ್ಕೆ ಇದ್ಯಾವುದರ ಹಂಗೂ ಇಲ್ಲ. ಕರಾವಳಿಯ ತೇವಕ್ಕೆ ತಂತಿ ಎರಡಕ್ಕೂ ತುಕ್ಕು ಹಿಡಿಯುತ್ತದೆ, ಅದು ಬೇರೆ ಮಾತು.

ಇನ್ನೊಂದು, ಗಿಬ್ಸನ್‌ನ ಲೆಸ್ ಪಾಲ್ ಮಾದರಿಯ ಗಿಟಾರ್‌ಗಳಲ್ಲಿ ಬಿರಡೆಗಳಿರುವ ತಲೆ ಹಿಂದಕ್ಕೆ ವಾಲಿರುತ್ತದೆ. ಸ್ಟ್ಯಾಂಡಿನಿಂದ ಬೆನ್ನಡಿಯಾಗಿ ಬಿದ್ದರೆ ಕತ್ತಿನಲ್ಲೇ ಮುರಿಯುವುದು ಅವುಗಳ ಪ್ರಸಿದ್ಧ ಕಾಯಿಲೆ. ಎರಡೂವರೆ ಲಕ್ಷದ್ದಕ್ಕೂ ಈ ಭಯ ತಪ್ಪಿದ್ದಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಬಸ್ಸಿನ ಮೇಲೆ ಗಿಟಾರ್ ಹಾಕಿಕೊಂಡು ಕಾಲೇಜು ಫೆಸ್ಟ್‌ಗಳಿಗೆ ಅಲೆಯುವವರಾಗಿದ್ದರೆ, ಅಗ್ಗದ್ದು ನಿಶ್ಚಿಂತೆ.

ಮರುಮಾರಾಟದಲ್ಲಿ ಮಾತ್ರ ದುಬಾರಿಯದೇ ಮೇಲು. ಅಮೆರಿಕದ ಫೆಂಡರ್, ಗಿಬ್ಸನ್‌ಗಳಿಗೆ ಹಳೆಯದಾದರೂ ಗಿರಾಕಿ ಇರುತ್ತಾರೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ನಕಲಿಯ ಬಗ್ಗೆ ಎಚ್ಚರ. ನಕಲಿ ಗಿಬ್ಸನ್‌ಗೆ "ಚಿಬ್ಸನ್" ಎಂಬ ಅಡ್ಡಹೆಸರೇ ಇದೆ. ತಲೆಯ ಮೇಲೆ ಟ್ರಸ್ ರಾಡ್ ಮುಚ್ಚುವ ಸಣ್ಣ ಗಂಟೆಯಾಕಾರದ ಮುಚ್ಚಳ ನೋಡಿ. ಅಸಲಿ ಗಿಬ್ಸನ್‌ನಲ್ಲಿ ಎರಡು ಸ್ಕ್ರೂ. ಮೂರಿದ್ದರೆ ಅನುಮಾನ ಪಡಿ.

ಹಾಗಾದರೆ ಯಾರು ಯಾವುದನ್ನು?

ಮೊದಲ ಗಿಟಾರ್ ಕೊಳ್ಳುತ್ತಿದ್ದೀರಾ? 20ರಿಂದ 35 ಸಾವಿರದೊಳಗೆ ಮುಗಿಸಿ. ಪೆಸಿಫಿಕಾ, ಸ್ಕ್ವೈಯರ್ ಅಫಿನಿಟಿ, ಕಾರ್ಟ್, ಐಬನೆಜ್ ಜಿಯೋ, ಯಾವುದಾದರೂ ಆಗಬಹುದು. ಅಂಗಡಿಗೆ ಹೋಗಿ ಮೂರು ಪೀಸ್ ತೆಗೆಸಿ. ಅಗ್ಗದ್ದರಲ್ಲಿ ಒಂದೇ ಮಾಡೆಲ್‌ನ ಎರಡು ಪೀಸ್ ಒಂದೇ ಥರ ಇರುವುದಿಲ್ಲ, ಆರಿಸಿಕೊಳ್ಳುವವನೇ ಜಾಣ. ಬಡಗಿ ಹಲಗೆಯನ್ನು ಒಂದು ಕಣ್ಣು ಮುಚ್ಚಿ ನೋಡುವ ಹಾಗೆ ನೆಕ್ಕಿನ ಉದ್ದಕ್ಕೂ ನೋಡಿ, ತಿರುಚಿದೆಯಾ ಅಂತ. ಕರ್ಚೀಫಿನ ಅಂಚನ್ನು ಫ್ರೆಟ್ ತುದಿಗಳ ಮೇಲೆ ಎಳೆಯಿರಿ, ದಾರ ಸಿಕ್ಕಿಕೊಂಡರೆ ಕೈಯೂ ಸಿಕ್ಕಿಕೊಳ್ಳುತ್ತದೆ. ಮೇಲಿನ ಫ್ರೆಟ್‌ಗಳಲ್ಲಿ ತೆಳ್ಳನೆಯ ತಂತಿಯನ್ನು ಎಳೆದು ನೋಡಿ, ಸ್ವರ ಉಸಿರುಕಟ್ಟಿ ಸಾಯಬಾರದು. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಉಳಿದ ದುಡ್ಡನ್ನು ಆಂಪ್‌ಗೆ ಹಾಕಿ. ಇದನ್ನು ಎಷ್ಟು ಸಲ ಹೇಳಿದರೂ ಜನ ಕೇಳುವುದಿಲ್ಲ. ಎರಡು ಲಕ್ಷದ ಗಿಟಾರನ್ನು ಮೂರು ಸಾವಿರದ ಡಬ್ಬಿ ಆಂಪ್‌ಗೆ ಚುಚ್ಚಿದರೆ ಕೇಳುವುದು ಮೂರು ಸಾವಿರದ ದನಿಯೇ.

ನಾಲ್ಕೈದು ವರ್ಷ ನುಡಿಸಿ, ತಿಂಗಳಿಗೊಂದು ಕಾರ್ಯಕ್ರಮ ಕೊಡುವ ಮಟ್ಟಕ್ಕೆ ಬಂದವರಿಗೆ 50 ಸಾವಿರದಿಂದ ಲಕ್ಷದ ನಡುವಿನದು ಸಾಕು. ನನ್ನ ಪ್ರಕಾರ ಕೊಟ್ಟ ದುಡ್ಡಿಗೆ ಜಾಸ್ತಿ ಸಿಗುವುದೂ ಇಲ್ಲೇ. ಅದರ ಮೇಲಿನ ಲಕ್ಷಕ್ಕೆ ಸಿಗುವುದು ಉರುಟಾದ ನೆಕ್ಕಿನ ಅಂಚು, ಸದ್ದು ಮಾಡದ ಸ್ವಿಚ್ಚು, ಸೊಗಸಾದ ಮರದ ಗೆರೆ, ತಲೆಯ ಮೇಲಿನ ಹೆಸರು. ಹೆಸರು ಬೇಕೆಂದರೆ ಅದನ್ನೂ ಕೊಳ್ಳಿ, ನಾಚಿಕೆ ಬೇಡ. ಎಷ್ಟೋ ಜನ ಆ ಹೆಸರು ನೋಡಿಯೇ ದಿನಾ ಗಿಟಾರ್ ಎತ್ತಿಕೊಳ್ಳುತ್ತಾರೆ.

ಆದರೆ ಎರಡು ಲಕ್ಷ ಕೊಡುವ ಮೊದಲು ಒಂದು ಚೀಟಿಯಲ್ಲಿ ಬರೆಯಿರಿ: ಈಗಿರುವ ಗಿಟಾರ್‌ನ ಯಾವ ತೊಂದರೆ ನನ್ನನ್ನು ತಡೆಯುತ್ತಿದೆ? "12ನೇ ಫ್ರೆಟ್ ಮೇಲೆ ಕೈ ಹೋಗುವುದಿಲ್ಲ", "ನೆಕ್ ದಪ್ಪ", "ಎರಡು ಹಾಡಿಗೊಮ್ಮೆ ಶ್ರುತಿ ಇಳಿಯುತ್ತದೆ", ಇಂಥದ್ದೇನಾದರೂ ಬರೆಯಲು ಸಿಕ್ಕಿತೋ, ಅದಕ್ಕೆ ತಕ್ಕ ಗಿಟಾರ್ ಹುಡುಕಿ. "ದನಿಯಲ್ಲಿ ಏನೋ ಕಮ್ಮಿ" ಎಂದಷ್ಟೇ ಬಂದರೆ ಚೀಟಿ ಮಡಿಸಿ ಇಟ್ಟು ಸೆಟಪ್‌ಗೆ ಕೊಡಿ.

ಅಕ್ಕನ ಮಗ ಕೊನೆಗೆ ತಗೊಂಡಿದ್ದು ಇಂಡೊನೇಷ್ಯಾದಲ್ಲಿ ಮಾಡಿದ ಮೂವತ್ತು ಸಾವಿರದ ಒಂದು ಗಿಟಾರ್, ಜೊತೆಗೊಂದು ಒಳ್ಳೆಯ ಆಂಪ್. ಇಎಂಐ ಇಲ್ಲ. ನಿನ್ನೆ ರಾತ್ರಿ ಫೋನ್ ಮಾಡಿದ್ದ. ಮೂರನೇ ತಂತಿ ಎಳೆದು ಬಿಟ್ಟರೆ ಟಿಂಗ್ ಅನ್ನುತ್ತಂತೆ. ಭಾನುವಾರ ಬರುವಾಗ ಒಂದು ಪೆನ್ಸಿಲ್ ತಗೊಂಡು ಬಾ ಎಂದಿದ್ದೇನೆ.